ಚೈನಿಲ್ಲದ ಸೈಕಲ್ಲಿಗೆ ಚಕ್ರವೇ ಗೇರು

ಶ್ರವಣಬೆಳಗೊಳದಿಂದ ಚನ್ನರಾಯಪಟ್ಟಣಕ್ಕೆ ಸುಮಾರು 12 ಕಿಲೋಮೀಟರ್. ಸರ್ಕಸ್ಸಿನಲ್ಲಿ ನಾವೆಲ್ಲ ನೋಡಿರುವ 20 ಇಂಚಿನ ಒಂಟಿಚಕ್ರದ ಸೈಕಲ್ಲಿನಲ್ಲಿ ಈ ದಾರಿ ಸವೆಸಬೇಕಾದರೆ ಪೆಡಲನ್ನು ಹತ್ತಿರ ಹತ್ತಿರ 7,500 ಸುತ್ತು ತುಳಿಯಬೇಕು. 29 ಇಂಚಿನ ಚಕ್ರವಾದರೆ 5,200 ಸುತ್ತು. 36 ಇಂಚಿನದಾದರೆ 4,200 ಸಾಕು. ಯೂನಿಸೈಕಲ್ಲಿನಲ್ಲಿ ದೂರ ಹೋಗಬೇಕೆನ್ನುವವರು ದೊಡ್ಡ ಚಕ್ರವನ್ನೇ ಏಕೆ ಹುಡುಕುತ್ತಾರೆ ಎಂಬುದು ಈ ಲೆಕ್ಕದಲ್ಲೇ ಇದೆ. ಸಾಮಾನ್ಯ ಯೂನಿಸೈಕಲ್ಲಿಗೆ ಚೈನಿಲ್ಲ, ಗೇರಿಲ್ಲ, ಫ್ರೀವೀಲ್ ಇಲ್ಲ. ಕ್ರ್ಯಾಂಕು ನೇರವಾಗಿ ಚಕ್ರದ ಹಬ್‌ಗೇ ಕೂತಿರುತ್ತದೆ. ಕಾಲು ಒಂದು ಸುತ್ತು ಹಾಕಿದರೆ ಚಕ್ರವೂ ಒಂದೇ ಸುತ್ತು. ಇಳಿಜಾರಿನಲ್ಲೂ ಕಾಲು ನಿಲ್ಲಿಸುವಂತಿಲ್ಲ. ಹಾಗಾಗಿ ಚಕ್ರದ ಅಳತೆ ಆರಿಸಿದ ದಿನವೇ ನೀವು ಆ ಸೈಕಲ್ಲಿನ ಗೇರನ್ನೂ ಆರಿಸಿಬಿಟ್ಟಿರುತ್ತೀರಿ. ಆಮೇಲೆ ಬದಲಿಸಲು ಉಳಿಯುವುದು ಕ್ರ್ಯಾಂಕಿನ ಉದ್ದ ಒಂದೇ.

ಕೊಳ್ಳುವವರು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳದೆ ಚಿತ್ರ ನೋಡಿ ಮನಸೋತು, ಸೊಂಟಮಟ್ಟ ಬರುವ ಚಕ್ರಕ್ಕೆ ಹಣ ಕಟ್ಟುತ್ತಾರೆ. ಕೊಳ್ಳುವ ಮುಂಚೆ ನೋಡಬೇಕಾದದ್ದು ಚಿತ್ರವನ್ನಲ್ಲ, ನಿಮ್ಮ ಮನೆಯ ಮುಂದಿನ ರಸ್ತೆಯನ್ನು. ಅದಕ್ಕೇ ಇಲ್ಲಿನ ಲೆಕ್ಕವನ್ನೆಲ್ಲ ಶ್ರವಣಬೆಳಗೊಳದ ಪಕ್ಕದ ಜಿನನಾಥಪುರದ ಸುತ್ತಿನ ರಸ್ತೆಗಳಿಗೆ, ಅಂದರೆ ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ಹಾಸನದ ನಡುವಿನ ದಾರಿಗಳಿಗೆ ಹೊಂದಿಸಿ ಹೇಳುತ್ತೇನೆ. ಬೇರೆ ಜಿಲ್ಲೆಯವರು ತಮ್ಮ ಊರಿನ ಏರು ತಗ್ಗು, ಗಾಳಿ, ಅಂಗಡಿಗಳನ್ನು ಇದೇ ಜಾಗದಲ್ಲಿಟ್ಟು ನೋಡಿಕೊಳ್ಳಬಹುದು.

ದೊಡ್ಡ ಚಕ್ರದ ಆಸೆ ಹೊಸದಲ್ಲ. ಚೈನು ಬರುವ ಮುಂಚಿನ ಸೈಕಲ್ಲುಗಳಿಗೆ ಮುಂದಿನ ಚಕ್ರ ಆಳೆತ್ತರ ಇದ್ದದ್ದೂ ಇದೇ ಕಾರಣಕ್ಕೆ. ಥಾಮಸ್ ಸ್ಟೀವನ್ಸ್ ಎಂಬವರು 1884ರಲ್ಲಿ ಅಂಥ 50 ಇಂಚಿನ ಚಕ್ರ ಹತ್ತಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, 1886ರಲ್ಲಿ ಲಾಹೋರ್‌ನಿಂದ ಕಲ್ಕತ್ತಾವರೆಗೆ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ಸಾಗಿ, ಜಪಾನಿನ ಯೋಕೊಹಾಮಾದಲ್ಲಿ ಪ್ರಯಾಣ ಮುಗಿಸಿದರು. ಒಂಟಿಚಕ್ರಕ್ಕೆ 36 ಇಂಚಿನ ರಬ್ಬರ್ ಟೈರು ಸುಲಭವಾಗಿ ಸಿಗುವಂತಾದದ್ದು 1990ರ ದಶಕದ ಕೊನೆಯಲ್ಲಿ. ಹಳೆಯ ಕಾರುಗಳಿಗೆ ಟೈರು ಮಾಡುವ ಅಮೆರಿಕದ ಕೋಕರ್ ಕಂಪನಿ ಅದನ್ನು ತಂದಿತು. ಅಲ್ಲಿಂದಾಚೆಗೆ ದೂರದ ಸವಾರಿ ಬೇರೆಯದೇ ಕ್ರೀಡೆಯಾಯಿತು. 2007ರಲ್ಲಿ ಬ್ರಿಟನ್ನಿನ ಸ್ಯಾಮ್ ವೇಕ್‌ಲಿಂಗ್ 24 ಗಂಟೆಯಲ್ಲಿ 453 ಕಿಲೋಮೀಟರ್ ತುಳಿದರು. 2008ರಲ್ಲಿ ಕೆನಡಾದ ನೋವಾ ಸ್ಕೋಷಿಯಾದಲ್ಲಿ 800 ಕಿಲೋಮೀಟರಿನ ತಂಡ ಸ್ಪರ್ಧೆ ನಡೆಯಿತು. ಇಂಗ್ಲೆಂಡಿನ ಎಡ್ ಪ್ರಾಟ್ 2015ರಲ್ಲಿ ಮನೆ ಬಿಟ್ಟು 36 ಇಂಚಿನ ಒಂದೇ ಚಕ್ರದ ಮೇಲೆ ಲೋಕ ಸುತ್ತಿ 2018ರಲ್ಲಿ ಮನೆಗೆ ಮರಳಿದರು. ಸರ್ಕಸ್ಸಿನ ಆಟದ ಸಾಮಾನು ಎಂದು ಇದನ್ನು ಬದಿಗಿಡುವವರಿಗೆ ಈ ಹೆಸರುಗಳನ್ನು ಹೇಳಬಹುದು.

ಸರ್ಕಸ್ಸಿನಲ್ಲಿ ಕಾಣುವ, ಉದ್ದ ಕಂಬದ ತುದಿಯಲ್ಲಿ ಸೀಟಿರುವ ಸೈಕಲ್ಲು ಮಾತ್ರ ಬೇರೆ ಜಾತಿ. ಅದಕ್ಕೆ ಚೈನು ಇರುತ್ತದೆ, ಕೆಳಗಿನ ಚಕ್ರ ಚಿಕ್ಕದು. ದೂರಕ್ಕೆ ಅದು ಕೆಲಸಕ್ಕೆ ಬಾರದು.

29ಓ 36ಓ

ನಿಮಿಷಕ್ಕೆ 90 ಸುತ್ತು ತುಳಿಯುವುದು ರೂಢಿಯಾದ ಕಾಲಿಗೆ ಕಷ್ಟವಲ್ಲ. ಆ ಲೆಕ್ಕದಲ್ಲಿ 20 ಇಂಚಿನ ಚಕ್ರ ಗಂಟೆಗೆ 8.6 ಕಿಲೋಮೀಟರ್ ಓಡುತ್ತದೆ, 26 ಇಂಚಿನದು 11, 29 ಇಂಚಿನದು ಹನ್ನೆರಡರ ಮೇಲೆ ಸ್ವಲ್ಪ, 36 ಇಂಚಿನದು ಹದಿನೈದೂವರೆ. ಅಂದರೆ 30 ಕಿಲೋಮೀಟರಿನ ಓಟದಲ್ಲಿ 29ಕ್ಕೂ 36ಕ್ಕೂ ಇರುವ ವ್ಯತ್ಯಾಸ ಸುಮಾರು ಅರ್ಧ ಗಂಟೆ. ನಡುವೆ ನಿಲ್ಲದೆ ಹೋದರೆ ಈ ಅರ್ಧ ಗಂಟೆ ಉಳಿಯುತ್ತದೆ. ನಮ್ಮ ರಸ್ತೆಯಲ್ಲಿ ನಿಲ್ಲದೆ ಹೋಗುವುದು ಸಾಧ್ಯವೇ ಎಂಬುದು ನಿಜವಾದ ಪ್ರಶ್ನೆ.

ದೊಡ್ಡ ಚಕ್ರ ಒಮ್ಮೆ ಓಟ ಹಿಡಿದರೆ ತಾನೇ ಓಡುತ್ತಿರುತ್ತದೆ. ಸಣ್ಣ ಗುಂಡಿ, ಕಿತ್ತ ಜಲ್ಲಿ ಅದಕ್ಕೆ ಲೆಕ್ಕವಿಲ್ಲ. ತೂತು ಬಿದ್ದ ಡಾಂಬರಿನ ಮೇಲೆ 36 ಇಂಚು ಕೊಡುವ ನೆಮ್ಮದಿಯನ್ನು ಚಿಕ್ಕ ಚಕ್ರ ಕೊಡಲಾರದು. ಆದರೆ ಆ ಚಕ್ರದ ಭಾರ ನಿಲ್ಲಿಸುವಾಗ ಎದುರು ನಿಲ್ಲುತ್ತದೆ. ತೋಟದ ದಾರಿಯಿಂದ ಹಸು ರಸ್ತೆಗೆ ಇಳಿದಾಗ, ಊರ ಬಾಗಿಲಲ್ಲಿ ನಾಯಿ ಅಟ್ಟಿಸಿಕೊಂಡು ಬಂದಾಗ, ಶಾಲೆ ಬಿಟ್ಟ ಮಕ್ಕಳು ಎದುರಾದಾಗ 36ರವರು ಬಹಳ ಮುಂಚೆಯೇ ಓಟ ಇಳಿಸಬೇಕು. ಇಳಿದುಬಿಟ್ಟರೆ ಮತ್ತೆ ಹತ್ತುವುದು ಇನ್ನೊಂದು ಕೆಲಸ. ಗೋಡೆ, ಕಂಬ ಹಿಡಿಯದೆ, ಎರಡು ಹೆಜ್ಜೆ ತಳ್ಳಿಕೊಂಡು ಹೋಗಿ ಓಡುವ ಚಕ್ರಕ್ಕೆ ಹಾರಿ ಕೂರುವುದು ಬಂದಿರಬೇಕು. ಅದು ಬಾರದವರು 36 ಇಂಚಿನೊಂದಿಗೆ ಬಯಲಿನ ನಡುವೆ ಇಳಿದರೆ ಮುಂದಿನ ಊರಿನವರೆಗೆ ತಳ್ಳಿಕೊಂಡೇ ಹೋಗಬೇಕಾಗುತ್ತದೆ.

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಈ ನಾಲ್ಕು ತಾಲ್ಲೂಕಿನ ರಸ್ತೆಗೆ ಮೊದಲು ಕೊಳ್ಳಬೇಕಾದದ್ದು 29 ಇಂಚು. ಅದರಲ್ಲಿ ಚನ್ನರಾಯಪಟ್ಟಣಕ್ಕೆ ಹೋಗಿ ಬರುವುದು ಅಭ್ಯಾಸವಾಗಿ, ಯಾವ ಜಾಗದಲ್ಲಿ ಇಳಿದರೂ ಅಲ್ಲೇ ಹತ್ತುವುದು ಕೈಗೂಡಿದ ಮೇಲೆ 36ಕ್ಕೆ ಹೋಗಿ. ಹೋಗಲೇಬೇಡಿ ಎನ್ನುವವನಲ್ಲ ನಾನು. ಹೊಳೆನರಸೀಪುರದ ದಿಕ್ಕಿಗೆ ಉದ್ದಕ್ಕೆ ಬಿಚ್ಚಿಕೊಳ್ಳುವ ದಾರಿಯಲ್ಲಿ ಆ ಎತ್ತರದಿಂದ ರಾಗಿ ಹೊಲ, ತೆಂಗಿನ ಸಾಲು, ಕೆರೆಯ ಏರಿಗಳನ್ನು ನೋಡುತ್ತಾ ಸಾಗುವ ಸುಖ ಬೇರೆ ಯಾವ ಸೈಕಲ್ಲಿನಲ್ಲೂ ಇಲ್ಲ. ಆ ಸುಖಕ್ಕೆ ಕಾಲು ಮೊದಲು ತಯಾರಾಗಿರಬೇಕು, ಅಷ್ಟೆ.

ಇವೆರಡರ ನಡುವೆ 32 ಇಂಚಿನ ಚಕ್ರವೂ ಇದೆ. ಗಿಡ್ಡ ಮೈಕಟ್ಟಿನವರು ಅದನ್ನು ಗಮನಿಸಬೇಕು. 36 ಇಂಚಿಗೆ ನಿಮ್ಮ ಕಾಲು ಎಟುಕುತ್ತದೆಯೇ ಎಂದು ಮನೆಯಲ್ಲೇ ಅಳೆಯಬಹುದು. ಚಕ್ರದ ಅರ್ಧ, ಅಂದರೆ ಸುಮಾರು 46 ಸೆಂಟಿಮೀಟರ್. ಅದರ ಮೇಲೆ ಫ್ರೇಮಿನ ತಲೆ, ಕ್ಲ್ಯಾಂಪು, ಸೀಟು ಸೇರಿ ಕನಿಷ್ಠ 17-18. ಕೆಳಗೆ ಕ್ರ್ಯಾಂಕಿನ ಉದ್ದ 15. ಒಟ್ಟು 79ರ ಆಸುಪಾಸು. ಗೋಡೆಗೆ ಬೆನ್ನು ಕೊಟ್ಟು ನಿಂತು, ಒಂದು ಪುಸ್ತಕವನ್ನು ಕಾಲಸಂದಿಗೆ ಒತ್ತಿ ಹಿಡಿದು, ಅಲ್ಲಿಂದ ನೆಲಕ್ಕೆ ಟೇಪು ಹಿಡಿಯಿರಿ. ಚಪ್ಪಲಿ ಬೇಡ, ಸವಾರಿಗೆ ಹಾಕುವ ಬೂಟು ಹಾಕಿಕೊಂಡೇ ಅಳೆಯಿರಿ. 79ಕ್ಕಿಂತ ಕಡಿಮೆ ಬಂದರೆ ಗಿಡ್ಡ ಕ್ರ್ಯಾಂಕು ಎರಡು ಮೂರು ಸೆಂಟಿಮೀಟರ್ ಉಳಿಸಿಕೊಡಬಹುದು.

ಕ್ರ್ಯಾಂಕಿನ ಲೆಕ್ಕ

ಚಕ್ರ ಗೇರಾದರೆ ಕ್ರ್ಯಾಂಕು ಸನ್ನೆಕೋಲು. ಉದ್ದವಿದ್ದಷ್ಟೂ ಏರು ಸುಲಭ, ನಿಲ್ಲಿಸುವುದೂ ಸುಲಭ. ಗಿಡ್ಡವಿದ್ದಷ್ಟೂ ಕಾಲಿನ ಸುತ್ತು ಚಿಕ್ಕದಾಗಿ ಓಟ ನುಣುಪಾಗುತ್ತದೆ. ನಮ್ಮ ಊರಿನ ಸಾಮಾನ್ಯ ಸೈಕಲ್ಲಿನ ಕ್ರ್ಯಾಂಕು 170 ಮಿಲಿಮೀಟರಿನ ಆಸುಪಾಸು ಇರುತ್ತದೆ. ಒಂಟಿಚಕ್ರದಲ್ಲಿ ದೂರ ಹೋಗುವವರು ಬಳಸುವುದು 150, 137, 125, 114. ಪಳಗಿದವರು 100ಕ್ಕೂ ಇಳಿಯುತ್ತಾರೆ.

ಇಲ್ಲಿ ಒಂದು ಲೆಕ್ಕ ಕೊಳ್ಳುವವರ ಕಣ್ಣು ತೆರೆಸುತ್ತದೆ. 36 ಇಂಚಿಗೆ 150ರ ಉದ್ದದ ಕ್ರ್ಯಾಂಕು ಹಾಕಿದರೂ ಏರಿನಲ್ಲಿ ನಿಮಗೆ ಸಿಗುವ ಹಿಡಿತ, 29 ಇಂಚಿಗೆ 120 ಹಾಕಿದಷ್ಟೇ. ಆದ್ದರಿಂದ 29ರಲ್ಲಿ 125 ಹಾಕಿಕೊಂಡು ಹಾಸನದ ಕಡೆಯ ಅಥವಾ ಅರಕಲಗೂಡಿನ ಕಡೆಯ ದಿಬ್ಬಗಳನ್ನು ಉಸಿರು ಕಟ್ಟದೆ ಹತ್ತಬಲ್ಲಿರಾದರೆ, ನೀವು 36ಕ್ಕೆ ತಯಾರಾಗಿದ್ದೀರಿ ಎಂದೇ ಅರ್ಥ. ಹಣ ಕಟ್ಟುವ ಮುಂಚೆ ಮಾಡಬಹುದಾದ ಪರೀಕ್ಷೆಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಕೊಳ್ಳುವಾಗ ಎರಡು ತೂತಿನ ಕ್ರ್ಯಾಂಕು ಇದೆಯೇ ಎಂದು ಕೇಳಿ. ಒಂದೇ ಕ್ರ್ಯಾಂಕಿನಲ್ಲಿ 150ಕ್ಕೂ 125ಕ್ಕೂ ಪೆಡಲು ತಿರುಗಿಸುವ ಜಾಗ ಇರುವಂಥವು ಬರುತ್ತವೆ. ಚನ್ನರಾಯಪಟ್ಟಣದ ಸುತ್ತಿನ ಬಯಲಿಗೆ ಒಳಗಿನ ತೂತು, ಅರಕಲಗೂಡಿನ ಕಡೆ ನೆಲ ಏರಿಳಿಯತೊಡಗಿದರೆ ಹೊರಗಿನದು. ಒಂದು ಸ್ಪ್ಯಾನರಿನಲ್ಲಿ ಐದು ನಿಮಿಷದ ಕೆಲಸ. ಗೇರಿರುವ ಹಬ್ ಕೂಡ ಇದೆ. ಸ್ವಿಟ್ಜರ್ಲೆಂಡಿನ ಫ್ಲೋರಿಯನ್ ಶ್ಲುಂಫ್ ರೂಪಿಸಿದ ಆ ಹಬ್‌ನಲ್ಲಿ ಆಕ್ಸಲಿನ ತುದಿಯ ಗುಂಡಿಯನ್ನು ಹಿಮ್ಮಡಿಯಿಂದ ಒತ್ತಿದರೆ ಚಕ್ರ ಕಾಲಿಗಿಂತ ಸುಮಾರು ಒಂದೂವರೆ ಪಟ್ಟು ತಿರುಗುತ್ತದೆ. ಅದ್ಭುತ ಯಂತ್ರ. ಆದರೆ ಬೆಲೆಯೂ ರಿಪೇರಿಯೂ ನಮ್ಮ ಕೈಗೆ ಎಟುಕುವಂಥದಲ್ಲ, ಮೊದಲ ಸೈಕಲ್ಲಿಗಂತೂ ಬೇಡ.

ಕ್ರ್ಯಾಂಕು ಹಬ್‌ಗೆ ಕೂರುವ ರೀತಿ ಮುಖ್ಯವಾಗಿ ಎರಡು. ಚೌಕ ತುದಿಯದು ಅಗ್ಗ, ಹಲ್ಲುಹಲ್ಲಾದ ತುದಿಯ ಐಸಿಸ್ ಗಟ್ಟಿ. 36 ಇಂಚಿಗೆ ಐಸಿಸ್ ಇಲ್ಲದ್ದನ್ನು ಕೊಳ್ಳಬೇಡಿ. ಎಡ ಬಲ ಗುರುತು ನೋಡಿಕೊಂಡೇ ಸೀಟು ಜೋಡಿಸಿ. ಎಡ ಪೆಡಲಿನ ಮರೆ ತಿರುವುಮುರುವು ಇರುತ್ತದೆ, ಸೈಕಲ್ಲನ್ನು ಹಿಂದುಮುಂದಾಗಿ ಹತ್ತಿ ತುಳಿದರೆ ಪೆಡಲು ಸಡಿಲವಾಗಿ ಕ್ರ್ಯಾಂಕಿನ ಮರೆಯನ್ನೇ ತಿಂದುಹಾಕುತ್ತದೆ. ಒಂದೇ ಚಕ್ರವಾದ್ದರಿಂದ ಯಾವುದು ಮುಂದು ಯಾವುದು ಹಿಂದು ಎಂದು ಹೊಸಬರಿಗೆ ತಟ್ಟನೆ ತಿಳಿಯುವುದಿಲ್ಲ.

ಟೈರಿನ ಮೈಮೇಲಿನ ಅಂಕಿ

ಹಾಸನ ಜಿಲ್ಲೆಯ ಯಾವ ಹೋಬಳಿಯ ಸೈಕಲ್ ಶಾಪಿನಲ್ಲೂ 28 ಇಂಚಿನ ಟೈರು ಸಿಗುತ್ತದೆ. ಹಾಲಿನ ಕ್ಯಾನು ಹೊರುವ, ಹುಲ್ಲಿನ ಹೊರೆ ಹೊರುವ ದೊಡ್ಡ ಸೈಕಲ್ಲಿನ ಟೈರು ಅದು. 29ಕ್ಕೆ ಅದನ್ನು ಎಳೆದು ಕೂರಿಸಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಟೈರಿನ ಪಕ್ಕದಲ್ಲಿ ಒತ್ತಿರುವ ಮಿಲಿಮೀಟರ್ ಅಂಕಿಯನ್ನು ಓದಿ. ರಿಮ್ಮಿಗೆ ಕೂರುವ ಅಂಚಿನ ವ್ಯಾಸ ಅದು. ನಮ್ಮ 28 ಇಂಚಿನ ಹಳೆಯ ಸೈಕಲ್ಲಿಗೆ 635, 29 ಇಂಚಿಗೆ 622. ಹೆಸರಿನಲ್ಲಿ ಚಿಕ್ಕದಾದ 28 ಅಂಚಿನಲ್ಲಿ ದೊಡ್ಡದು. ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. ಆದರೆ 622 ಎಂಬುದು 700ಸಿ ಎನ್ನುವ ಹೊಸ ಸೈಕಲ್ಲುಗಳ ಅಂಕಿಯೂ ಹೌದು. ಹಾಗಾಗಿ ಗೇರ್ ಸೈಕಲ್ ಮಾರುವ ಮೈಸೂರು, ಬೆಂಗಳೂರಿನ ಅಂಗಡಿಗಳಲ್ಲಿ 29ರ ಟೈರು ಟ್ಯೂಬು ಸಿಗುತ್ತವೆ. 29 ಇಂಚನ್ನು ಮೊದಲು ಕೊಳ್ಳಿ ಎನ್ನುವುದಕ್ಕೆ ನನಗೆ ಇದು ಎಲ್ಲಕ್ಕಿಂತ ದೊಡ್ಡ ಕಾರಣ.

36ರ ಅಂಕಿ 787, 32ರದು 686. ಆ ಅಂಕಿಯ ಟೈರನ್ನು ಯೂನಿಸೈಕಲ್ ಸಾಮಾನು ಮಾರುವವರಿಂದಲೇ ತರಿಸಬೇಕು. ಸೈಕಲ್ಲಿನ ಜೊತೆಗೇ ಒಂದು ಟೈರು, ಎರಡು ಟ್ಯೂಬು, ನಾಲ್ಕಾರು ಕಡ್ಡಿ ತರಿಸಿಬಿಡಿ. ಬೇರೆ ಬೇರೆಯಾಗಿ ತರಿಸಿದರೆ ಸಾಗಣೆಯ ವೆಚ್ಚ ಎರಡೆರಡು ಸಲ ಬೀಳುತ್ತದೆ. 36ರ ಕಡ್ಡಿ ಬಹಳ ಉದ್ದ, ಊರಿನಲ್ಲಿ ಸಿಗುವ ಯಾವ ಕಡ್ಡಿಯೂ ಅದಕ್ಕೆ ಸಾಲದು. ಆದರೆ ಕಡ್ಡಿ ಕೈಯಲ್ಲಿದ್ದರೆ ಚಕ್ರದ ಬೆಂಡು ತೆಗೆಯುವುದಕ್ಕೆ ನಮ್ಮ ಹಳೆಯ ಸೈಕಲ್ ಮೆಕ್ಯಾನಿಕ್‌ಗಳೇ ಸಾಕು. ಒಂದೊಂದೇ ಕಡ್ಡಿಯನ್ನು ಬೆರಳಿನಿಂದ ಮೀಟಿ ಸದ್ದು ಕೇಳಿ ಬಿಗಿ ಹಿಡಿಯುವ ಅವರ ಕೈಗೆ ಚಕ್ರ ಎಷ್ಟು ದೊಡ್ಡದಾದರೂ ಒಂದೇ. ಟ್ಯೂಬು ಕೈಕೊಟ್ಟು 36ರದು ಸಿಗದಿದ್ದರೆ 29ರ ಟ್ಯೂಬನ್ನು ಎಳೆದು ಅದರಲ್ಲಿ ಹಾಕಬಹುದು. ಟೈರಿಗೆ ಇಲ್ಲದ ಈ ಅನುಕೂಲ ಟ್ಯೂಬಿಗಿದೆ, ಎಷ್ಟೋ ಜನ ತೂಕ ಕಡಿಮೆಯಾಗಲಿ ಎಂದು ಬೇಕೆಂದೇ ಹಾಗೆ ಹಾಕಿಕೊಳ್ಳುತ್ತಾರೆ.

ವಾಲ್ವ್ ಕೂಡ ಕೇಳಿಯೇ ಕೊಳ್ಳಿ. ಸಣಕಲು ಕಡ್ಡಿಯಂಥ ಪ್ರೆಸ್ಟಾ ವಾಲ್ವ್ ಬಂದರೆ ಹಿರೀಸಾವೆಯಲ್ಲೋ ಹೊಳೆನರಸೀಪುರದಲ್ಲೋ ಪಂಚರ್ ಅಂಗಡಿಯವರ ಗಾಳಿ ಕೊಳವೆ ಅದಕ್ಕೆ ಹತ್ತುವುದಿಲ್ಲ. ಬೈಕು ಕಾರಿಗೆ ಇರುವಂಥ ದಪ್ಪ ವಾಲ್ವ್ ಇರಲಿ, ರಿಮ್ಮಿನ ತೂತೂ ಅದಕ್ಕೆ ತಕ್ಕ ಅಗಲವಿರಲಿ. ಆಗ ರಸ್ತೆ ಬದಿಯ ಯಾವ ಅಂಗಡಿಯಲ್ಲೂ ಗಾಳಿ ತುಂಬಿಸಬಹುದು. ಕಂಪ್ರೆಸರಿನಲ್ಲಿ ತಡೆ ತಡೆದು ತುಂಬಿಸಲು ಹೇಳಿ, ಟೈರಿನ ಮೇಲೆ ಬರೆದ ಮಿತಿ ದಾಟಿಸಬೇಡಿ.

ಸೀಟು, ಹಿಡಿ, ಬ್ರೇಕು

ಸಾಮಾನ್ಯ ಸೈಕಲ್ಲಿನಲ್ಲಿ ಮೈಭಾರದ ಒಂದು ಪಾಲು ಹ್ಯಾಂಡಲ್ಲಿನ ಮೇಲಿರುತ್ತದೆ. ಇಲ್ಲಿ ಹ್ಯಾಂಡಲ್ಲೇ ಇಲ್ಲ. ಹಾಗಾಗಿ ದೂರದ ಸವಾರಿಯಲ್ಲಿ ಕಾಲು ಸೋಲುವ ಮುಂಚೆ ಕೂತ ಜಾಗ ಸೋಲುತ್ತದೆ. ನಡುವೆ ತಗ್ಗಿರುವ, ಮುಂದೆ ಗಟ್ಟಿ ಹಿಡಿ ಇರುವ ಸೀಟು ಬೇಕು. ಸೀಟಿನಿಂದ ಮುಂದಕ್ಕೆ ಚಾಚುವ ಉದ್ದ ಹಿಡಿ, ಟೂರಿಂಗ್ ಬಾರ್ ಎನ್ನುವುದು, 20 ಕಿಲೋಮೀಟರ್ ದಾಟುವವರಿಗೆ ಬೇಕೇಬೇಕು. ಅದರ ಮೇಲೆ ಎರಡೂ ಕೈ ಊರಿ ಭಾರ ಹಂಚಿಕೊಂಡರೆ ಸೊಂಟಕ್ಕೂ ತೊಡೆಸಂದಿಗೂ ಬಿಡುವು. ಪ್ಯಾಡ್ ಇರುವ ಸೈಕಲ್ ಚಡ್ಡಿಗೆ ಹಣ ಉಳಿಸಬೇಡಿ. ಚಕ್ರಕ್ಕೆ ಖರ್ಚು ಮಾಡಿ ಸೀಟಿನಲ್ಲಿ ಉಳಿಸಿದವರ ಸೈಕಲ್ಲುಗಳೇ ಹಳೆಯದಾಗಿ ಮಾರಾಟಕ್ಕೆ ಬರುತ್ತವೆ.

ಬ್ರೇಕು ಗಕ್ಕನೆ ನಿಲ್ಲಿಸುವುದಕ್ಕಲ್ಲ. ಹಾಗೆ ಹಿಡಿದರೆ ನೀವು ಚಕ್ರದ ಮುಂದಕ್ಕೆ ಬೀಳುತ್ತೀರಿ. ಇಳಿಜಾರಿನಲ್ಲಿ ಚಕ್ರವನ್ನು ಕಾಲಿನಿಂದ ತಡೆ ಹಿಡಿಯುವ ಶ್ರಮವನ್ನು ಮಂಡಿಯಿಂದ ಇಳಿಸುವುದು ಅದರ ಕೆಲಸ. ಡಿಸ್ಕ್ ಬ್ರೇಕು ಮಳೆಯಲ್ಲೂ ಒಂದೇ ಸಮ ಹಿಡಿಯುತ್ತದೆ, ರಿಮ್ ಬ್ರೇಕು ಚಕ್ರ ಸ್ವಲ್ಪ ಬೆಂಡಾದರೂ ಉಜ್ಜುತ್ತದೆ. ಕೊಂಡರೆ ಡಿಸ್ಕ್ ಕೊಳ್ಳಿ. ಹೆಲ್ಮೆಟ್ಟು, ಮಣಿಕಟ್ಟಿನ ಕವಚ, ಮಂಡಿ ಚಿಪ್ಪಿನ ಕವಚಗಳ ಬೆಲೆಯನ್ನು ಸೈಕಲ್ಲಿನ ಬೆಲೆಗೇ ಸೇರಿಸಿ ಲೆಕ್ಕ ಹಾಕಬೇಕು. ಸೀಟಿನ ಹಿಂದೆ ಕೆಂಪು ದೀಪ, ಮೈಮೇಲೆ ಹೊಳೆಯುವ ಜಾಕೀಟು ಇರಲಿ. ಐಸಿಸ್ ಕ್ರ್ಯಾಂಕಿನ ಬೋಲ್ಟಿಗೆ 8 ಮಿಲಿಮೀಟರಿನ ಅಲೆನ್ ಕೀ ಯಾವಾಗಲೂ ಚೀಲದಲ್ಲಿರಲಿ. ಸಡಿಲವಾದ ಕ್ರ್ಯಾಂಕಿನಲ್ಲಿ ಒಂದು ಕಿಲೋಮೀಟರ್ ಹೋದರೂ ಹಬ್ಬಿನ ಹಲ್ಲು ಸವೆಯುತ್ತದೆ.

ದಾರಿ, ಗಾಳಿ, ಹುಲ್ಲು

ಜಿನನಾಥಪುರ ಚಂದ್ರಗಿರಿ ಬೆಟ್ಟದ ಉತ್ತರಕ್ಕಿರುವ ಊರು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಕಟ್ಟಿಸಿದ್ದು. ಇಲ್ಲಿಂದ ಶ್ರವಣಬೆಳಗೊಳಕ್ಕಿರುವ ದೂರ ಒಂದೂವರೆ ಕಿಲೋಮೀಟರಿನಷ್ಟು, ಹೊಸ ಚಕ್ರ ಹತ್ತಿ ಇಳಿಯುವುದನ್ನು ಕಲಿಯಲು ಸರಿಯಾದ ಅಳತೆ. ಬೆಳಗಿನ ಆರರಿಂದ ಏಳು ಒಳ್ಳೆಯ ಹೊತ್ತು. ರಜೆಯ ದಿನ ಯಾತ್ರಿಕರ ಗಾಡಿಗಳು ಬೆಳಗ್ಗೆಯೇ ಶುರುವಾಗುತ್ತವೆ, ಆ ದಿನ ಬಿಟ್ಟುಬಿಡಿ. ವಿಶ್ರಾಂತಿಗೆ ನಿಂತಾಗ ರೇಚಿಮಯ್ಯ ಕಟ್ಟಿಸಿದ ಶಾಂತಿನಾಥ ಬಸದಿಯ ಹೊರಗೋಡೆಯ ಶಿಲ್ಪಗಳನ್ನು ಒಂದು ಸುತ್ತು ನೋಡಿ. ಬೆಳಗೊಳಕ್ಕೆ ಬಂದ ಎಷ್ಟೋ ಜನ ಇಷ್ಟು ಹತ್ತಿರ ಬಂದೂ ಇದನ್ನು ನೋಡದೆ ಹೋಗುತ್ತಾರೆ.

ರಾಷ್ಟ್ರೀಯ ಹೆದ್ದಾರಿ 75ರ ನಾಲ್ಕು ಪಥಗಳು ಈ ಸವಾರಿಗಲ್ಲ. ಲಾರಿ, ಬಸ್ಸು ಪಕ್ಕದಲ್ಲಿ ಹಾದಾಗ ಎಬ್ಬಿಸುವ ಗಾಳಿಗೆ ದೊಡ್ಡ ಚಕ್ರ ಅಡ್ಡಕ್ಕೆ ಸರಿಯುತ್ತದೆ. ಹಳ್ಳಿಗಳನ್ನು ಕೂಡಿಸುವ ಜಿಲ್ಲಾ ರಸ್ತೆಗಳಲ್ಲೇ ಹೋಗಿ. ಅಲ್ಲಿ ಊರಿಗೊಂದೆರಡು ಹಂಪು ಸಿಗುತ್ತವೆ. 36 ಇಂಚು ಹಂಪನ್ನು ಸಲೀಸಾಗಿ ಹತ್ತುತ್ತದೆ, ಇಳಿಯುವಾಗ ಮಾತ್ರ ಮುಂದಕ್ಕೆ ಚಿಮ್ಮುತ್ತದೆ. ಹತ್ತುವ ಮುಂಚೆ ಸೀಟಿನಿಂದ ಅರೆಬರೆ ಎದ್ದು, ಇಳಿಯುವಾಗ ಪೆಡಲನ್ನು ಹಿಂದಕ್ಕೆ ಒತ್ತಿ ಹಿಡಿಯುವುದನ್ನು ರೂಢಿ ಮಾಡಿಕೊಳ್ಳಿ.

ನವೆಂಬರಿನಿಂದ ಫೆಬ್ರವರಿಯವರೆಗೆ ಹವೆ ಸೊಗಸು. ಆದರೆ ಒಕ್ಕಣೆಯ ಕಾಲವೂ ಅದೇ. ಕಣ ಮಾಡಲು ಜಾಗವಿಲ್ಲದವರು ರಾಗಿ ತೆನೆಯನ್ನೂ ಹುರುಳಿ ಬಳ್ಳಿಯನ್ನೂ ರಸ್ತೆಗೇ ಹರಡಿ ಗಾಡಿಗಳಿಂದ ತುಳಿಸುತ್ತಾರೆ. ಬಸ್ಸಿಗೆ ಇದು ತೊಂದರೆಯಲ್ಲ, ಒಂಟಿಚಕ್ರಕ್ಕೆ ಅಪಾಯ. ಹುರುಳಿ ಬಳ್ಳಿ ಹಬ್‌ಗೂ ಡಿಸ್ಕಿಗೂ ಸುತ್ತಿಕೊಂಡರೆ ಚಕ್ರ ನಿಂತು ನೀವು ಮುಂದೆ ಹೋಗುತ್ತೀರಿ. ದೂರದಿಂದ ಕಂಡ ಕೂಡಲೇ ಇಳಿದು ತಳ್ಳಿಕೊಂಡು ದಾಟಿ. ರಸ್ತೆಯಲ್ಲಿರುವುದು ಅವರ ವರ್ಷದ ಅನ್ನ, ಇಳಿಯಬೇಕಾದವರು ನಾವೇ.

ಆಷಾಢದ ಗಾಳಿ ಇನ್ನೊಂದು ವಿಷಯ. ಜೂನಿನಿಂದ ಆಗಸ್ಟಿನವರೆಗೆ ಪಡುವಣದಿಂದ ಬೀಸುವ ಗಾಳಿಗೆ ಎದುರಾಗಿ 36 ಇಂಚನ್ನು ತುಳಿಯುವುದು ದಿನವಿಡೀ ಏರು ಹತ್ತಿದಂತೆ. ನೆಟ್ಟಗೆ ಎತ್ತರದಲ್ಲಿ ಕೂತ ಮೈಯೇ ಹಾಯಿಯಾಗಿರುತ್ತದೆ. ಅದೇ ಗಾಳಿಯನ್ನು ಬೆನ್ನಿಗೆ ಹಾಕಿಕೊಳ್ಳಲೂಬಹುದು. 2017ರಲ್ಲಿ ಬೆಂಗಳೂರು–ಹಾಸನ ರೈಲು ದಾರಿ ಪೂರ್ತಿಯಾದ ಮೇಲೆ ಶ್ರವಣಬೆಳಗೊಳ, ಚನ್ನರಾಯಪಟ್ಟಣ ನಿಲ್ದಾಣಗಳಿಂದ ಹಾಸನ ಹತ್ತಿರವಾಗಿದೆ. ಹಾಸನದಿಂದ ಮೈಸೂರು ದಾರಿಯ ರೈಲು ಹೊಳೆನರಸೀಪುರದಲ್ಲಿ ನಿಲ್ಲುತ್ತದೆ. ಸೀಟು, ಪೆಡಲು ಬಿಚ್ಚಿ ಚಕ್ರವನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ, ಲಗೇಜಿನ ನಿಯಮವನ್ನು ನಿಲ್ದಾಣದಲ್ಲಿ ಮೊದಲೇ ವಿಚಾರಿಸಿಕೊಂಡು ರೈಲು ಹತ್ತಿ. ಹೊಳೆನರಸೀಪುರದಲ್ಲಿ ಇಳಿದು ಗಾಳಿಯ ಜೊತೆಗೆ ಈಶಾನ್ಯಕ್ಕೆ, ಚನ್ನರಾಯಪಟ್ಟಣದ ಕಡೆಗೆ ತುಳಿಯಿರಿ. ಮೊದಲ ದೂರದ ಸವಾರಿಗೆ ಈ ಸೀಮೆಯಲ್ಲಿ ನಾನು ಸೂಚಿಸುವ ದಾರಿ ಇದೇ. ಹತ್ತು ಕಿಲೋಮೀಟರಿಗೊಮ್ಮೆ ದಣಿವಿಲ್ಲದಿದ್ದರೂ ಇಳಿದು, ಕ್ರ್ಯಾಂಕಿನ ಬೋಲ್ಟುಗಳನ್ನು ಮುಟ್ಟಿ ನೋಡಿ, ನೀರು ಕುಡಿದು ಮತ್ತೆ ಹತ್ತಿ. ಹೊಳೆನರಸೀಪುರ ಬಿಡುವ ಮುಂಚೆಯೇ ಟೈರಿಗೆ ಗಾಳಿ ತುಂಬಿಸಿಕೊಳ್ಳಿ.